ನೀರುನಾಯಿ ಪರ ನಿಂತ ಡಾಕ್ಟ್ರು

ಡಾಕ್ಟ್ರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. "ಹೋಗೇಬಿಟ್ರಾ? ನಮ್ಮ ಜಗಳ ಇನ್ನೂ ಮುಗಿದಿರಲಿಲ್ಲವಲ್ಲ!" ಎಂದು ಫೋನು ಹಿಡಿದುಕೊಂಡೇ ಅಂದುಬಿಟ್ಟೆ. ಆ ಕಡೆ ಇದ್ದವರು ಅವರ ಹೆಂಡತಿ. ಪಾಪ, ಏನು ಅಂದುಕೊಂಡರೋ. ಜನ್ಮವೆಲ್ಲ ಶಾಲೆಯ ಮಕ್ಕಳನ್ನು ಗದರಿಸಿದ ಬಾಯಿ ನನ್ನದು, ಸಿಟ್ಟು ಬಂದರೆ ಅದಕ್ಕೆ ಲಗಾಮಿಲ್ಲ. ಆಮೇಲೆ ಕೂತು ಅತ್ತೆ ಅನ್ನಿ.

ಅವರು ದನದ ಡಾಕ್ಟ್ರು. ಹಂಪಸಾಗರದ ಕಡೆ, ತುಂಗಭದ್ರೆಯ ಹಿನ್ನೀರಿನ ದಂಡೆಯ ನಮ್ಮೂರಿಗೆ ಪಶು ಆಸ್ಪತ್ರೆಯ ಡಾಕ್ಟರಾಗಿ ಬಂದವರು ನಿವೃತ್ತಿಯಾಗುವವರೆಗೂ ಇಲ್ಲೇ ಇದ್ದರು. ಅವರ ಕ್ವಾರ್ಟರ್ಸಿಗೂ ನಮ್ಮ ಮನೆಗೂ ನಡುವೆ ಒಂದು ಗೋಡೆ. ಹೆಸರು ಬರೆಯುವುದಿಲ್ಲ. ಬರೆದರೆ ಎದ್ದು ಬಂದು "ನನ್ನ ಹೆಸರು ಯಾಕ್ರಿ ಬೇಕಿತ್ತು ಅಕ್ಕೋರ?" ಎಂದು ಕೇಳುವ ಪೈಕಿ ಅವರು. ಶಾಲೆಯ ಟೀಚರಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ನಮ್ಮೂರಲ್ಲಿ ಡಾಕ್ಟ್ರು ಅಂದರೆ ಅವರೊಬ್ಬರೇ. ಮನುಷ್ಯರಿಗೆ ಡಾಕ್ಟರು ಬೇಕಾದರೆ ಹಗರಿಬೊಮ್ಮನಹಳ್ಳಿ ಬಸ್ಸು ಹತ್ತಬೇಕಿತ್ತು.

ಸಣ್ಣ ಆಳು. ಅಂಗಿಯ ತೋಳು ಯಾವಾಗಲೂ ಮೊಣಕೈ ಮೇಲೆ. ದನದ ಹತ್ತಿರ ಹೋದಾಗ ಮೊದಲು ತಮ್ಮ ಅಂಗೈಯನ್ನು ಅದರ ಮೂಗಿಗೆ ಹಿಡಿಯುತ್ತಿದ್ದರು. ಅದು ಮೂಸಿ ನೋಡಿ, ಸರಿ ಎಂದು ತಲೆ ತಿರುಗಿಸಿದ ಮೇಲೆಯೇ ಮೈ ಮುಟ್ಟುವುದು. ಹಾಗೆ ಕಾಯುತ್ತ ನಿಂತಾಗಲೇ ಒಮ್ಮೆ ಯಾರದೋ ಎಮ್ಮೆ ತಲೆ ಬೀಸಿ ಕೊಂಬು ಅವರ ಕಿವಿಯ ಮೇಲೆ ಬಿತ್ತು. ಅಂದಿನಿಂದ ಎಡಗಿವಿ ಹೋಯಿತು. "ಎಮ್ಮೀದು ತಪ್ಪಿಲ್ರಿ, ನಾನ ಅವಸರ ಮಾಡಿದೆ" ಎಂದು ಅದರ ಪರವಾಗಿಯೇ ಮಾತಾಡಿದರು. ದನಕರುಗಳನ್ನು ಅವರು ಯವ್ವಾ, ಯಪ್ಪಾ ಎಂದೇ ಕರೆಯುತ್ತಿದ್ದದ್ದು. ಮಾಲೀಕರನ್ನು ಮಾತ್ರ ಬಾಯಿಗೆ ಬಂದಂತೆ ಬೈಯುತ್ತಿದ್ದರು.

ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯವರು. ಹಾಗಾಗಿ ನಾವು ಮಂಡಾಳು ಅನ್ನುವುದಕ್ಕೆ ಅವರು ಮಂಡಕ್ಕಿ ಅನ್ನುತ್ತಿದ್ದರು. "ನಿಮ್ಮ ಮಂಡಕ್ಕಿ ನಿಮ್ಮೂರಾಗ ತಿನ್ರಿ, ಇಲ್ಲಿ ಸಿಗೋದು ಮಂಡಾಳ" ಎಂದು ನಾನು ಕಾಡಿಸುತ್ತಿದ್ದೆ. ಒಗ್ಗರಣೆ ಮಂಡಾಳು, ಎರಡು ಮಿರ್ಚಿ ಕೊಟ್ಟರೆ ಎಂಥ ಜಗಳವನ್ನಾದರೂ ಮರೆಯುವ ಮನುಷ್ಯ. ಕಾನೂನಿನ ವಿಷಯ ಒಂದು ಬಿಟ್ಟು.

ಈ ಕಾನೂನಿನ ಹುಚ್ಚು ಅವರಿಗೆ ಎಲ್ಲಿಂದ ಹತ್ತಿತೋ ನನಗೆ ತಿಳಿಯದು. ನಮ್ಮತ್ತೆ ಪಂಜರದಲ್ಲಿ ಒಂದು ಗಿಳಿ ಸಾಕಿದ್ದರು. ನಮ್ಮ ಎಮ್ಮೆಗೆ ಕೆಚ್ಚಲು ಬಾವು ಬಂದಿದೆಯೆಂದು ಕರೆಸಿದರೆ, ಈ ಮಹಾರಾಯರು ಎಮ್ಮೆಯನ್ನು ನೋಡಿ ಕೈ ತೊಳೆದುಕೊಳ್ಳುತ್ತ ಪಂಜರದ ಕಡೆ ತಿರುಗಿದರು.

"ಅಕ್ಕೋರ, ಗಿಳಿ ಸಾಕೋದು ಕಾನೂನಿನಾಗ ತಪ್ಪು."

"ಊರತುಂಬ ಸಾಕ್ಯಾರ್ರಿ!"

"ಊರತುಂಬ ತಪ್ಪು ಮಾಡ್ಯಾರ. ನೀವು ಅಕ್ಕೋರು, ನೀವು ಬಿಡ್ರಿ. ಇಲ್ಲಾಂದ್ರ ನಾನ ಫಾರೆಸ್ಟಿನವರಿಗೆ ಹೇಳಬೇಕಾಕತಿ."

ನನಗೆ ಮೈಯೆಲ್ಲ ಉರಿದು ಹೋಯಿತು. ಪಕ್ಕದ ಮನೆಯವರು ಎನ್ನುವ ದಾಕ್ಷಿಣ್ಯವಾದರೂ ಬೇಡವೇ? ಅತ್ತೆ ಅಳುತ್ತ ಪಂಜರದ ಬಾಗಿಲು ತೆಗೆದರು. ಗಿಳಿ ಬೇವಿನ ಮರಕ್ಕೆ ಹೋಗಿ ಕೂತಿತು, ಮರುದಿನ ಬೆಳಿಗ್ಗೆ ಕಿಟಕಿಗೆ ಬಂದು ಮೆಣಸಿನಕಾಯಿಗಾಗಿ ಕಿರುಚತೊಡಗಿತು. ಈಗೇನು ಮಾಡಲಿ ಎಂದು ಗೋಡೆಯ ಮೇಲಿಂದಲೇ ಕೂಗಿ ಕೇಳಿದೆ. "ಬಂದ್ರ ಕೊಡ್ರಿ, ಹೋದ್ರ ಬಿಡ್ರಿ, ಅಷ್ಟ ಕಾನೂನು" ಎಂದರು. ಆ ದಿನ ಇಬ್ಬರೂ ಎಷ್ಟು ನಕ್ಕೆವು! ಕಾನೂನೆಂದರೆ ಹೀಗೆ ನಕ್ಕು ಮುಗಿಸುವ ವಿಷಯ ಎಂದು ನಾನು ಆಗ ತಿಳಿದಿದ್ದೆ.

ನಮ್ಮ ಹಿನ್ನೀರಿನಲ್ಲಿ ನೀರುನಾಯಿಗಳಿವೆ. ಐದಾರು ಸೇರಿ ಬರುತ್ತವೆ. ಬಂಡೆಯ ಮೇಲೆ ಹತ್ತಿ ಮೈ ಒದರಿಕೊಂಡು, ಒಂದರ ಮೇಲೊಂದು ಬಿದ್ದು ಆಡುತ್ತವೆ. ನೋಡಲು ಚಂದ. ಆದರೆ ಮೀನು ಹಿಡಿಯುವವರನ್ನು ಕೇಳಿ ನೋಡಿ. ಬಲೆಯಲ್ಲಿ ಸಿಕ್ಕ ಮೀನು ಕೀಳಲು ಹೋಗಿ ಬಲೆಯನ್ನೇ ಹರಿದು ಹಾಕುತ್ತವೆ. ದುರುಗಪ್ಪ ಎನ್ನುವವನು ನನ್ನ ಶಾಲೆಯಲ್ಲಿ ಓದಿದ ಹುಡುಗ. ಮೀನು ಹಿಡಿದೇ ಬದುಕುವ ಅಂಬಿಗರ ಮನೆಯವನು, ಜೊತೆಗೆ ತುಂಡು ಹೊಲ. ಆ ವರ್ಷ ಅವನ ಹೆಂಡತಿ ಹುಲಿಗೆಮ್ಮ ಬಾಣಂತಿ. ಹೊಸ ಬಲೆ ಹಾಕಿದ ವಾರದಲ್ಲೇ ನೀರುನಾಯಿಗಳು ಅದನ್ನು ಚಿಂದಿ ಮಾಡಿದ್ದವು. ಅವನು ಹೊಲಕ್ಕೆಂದು ತಂದ ಕೀಟನಾಶಕವನ್ನು ಮೀನಿನ ಹೊಟ್ಟೆಗೆ ತುಂಬಿ ಬಂಡೆಯ ಮೇಲೆ ಇಟ್ಟ. ಬೆಳಗಾಗುವಷ್ಟರಲ್ಲಿ ಎರಡು ನೀರುನಾಯಿ ಸತ್ತು ಬಿದ್ದಿದ್ದವು.

ಇಷ್ಟನ್ನೂ ನಾನು ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಆ ದಿನ ಯಾರಿಗೂ ಏನೂ ಗೊತ್ತಿರಲಿಲ್ಲ. ಫಾರೆಸ್ಟಿನವರು ಬಂದರು, ಡಾಕ್ಟರನ್ನು ಕರೆಸಿದರು, ದಂಡೆಯ ಮೇಲೆಯೇ ಹೊಟ್ಟೆ ಕೊಯ್ದು ನೋಡಿದ್ದಾಯಿತು. ಊರೆಲ್ಲ ಸುತ್ತ ನಿಂತಿತ್ತು. ಡಾಕ್ಟ್ರು ಎದ್ದು ನಿಂತು ಮೊದಲು ಹೇಳಿದ ಮಾತು ವಿಷದ್ದಲ್ಲ.

"ಇದು ಬಾಣಂತಿ ಐತಿ. ಎದಿಯಾಗ ಹಾಲು ಐತಿ. ಮರಿ ಎಲ್ಲೋ ಕಾಯ್ತಿರ್ತಾವ. ಯಾರಾರ ತೆಪ್ಪ ಕೊಡ್ರಪ್ಪಾ, ಹುಡುಕಬೇಕು."

ಗುಂಪಿನಿಂದ ಹೊರಬಂದು ತೆಪ್ಪ ಬಿಚ್ಚಿದವನು ದುರುಗಪ್ಪ. ನಾನು ಕಣ್ಣಾರೆ ನೋಡಿದ್ದೇನೆ, ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಇಡೀ ದಿನ ಇಬ್ಬರೂ ಜೊಂಡಿನ ಸಂದಿ, ಬಂಡೆಯ ಪೊಟರೆ ಎಲ್ಲ ಹುಡುಕಿದರು. ಸಂಜೆಯ ಹೊತ್ತಿಗೆ ದೂರದಲ್ಲಿ ಎಲ್ಲೋ ಸಣ್ಣಗೆ ಅಳುವ ದನಿ ಕೇಳಿಸಿತಂತೆ. ಡಾಕ್ಟರ ಒಂದು ಕಿವಿಗೆ ಅದು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ತಿಳಿಯಲಿಲ್ಲ. ದುರುಗಪ್ಪ ಆ ಕಡೆ ಅಂದ, ಈ ಕಡೆ ಅಂದ, ತೆಪ್ಪ ಸುತ್ತಿಸಿ ಸುತ್ತಿಸಿ ಕಡೆಗೆ ಹುಟ್ಟು ಕೆಳಗಿಟ್ಟು ಮುಖ ಮುಚ್ಚಿಕೊಂಡನಂತೆ. ಮರಿ ಸಿಗಲಿಲ್ಲ. ಆ ದನಿಯ ವಿಷಯ ಹೇಳುವಾಗ ಡಾಕ್ಟ್ರು ಪ್ರತಿ ಸಲ ಬಲಗಿವಿಯನ್ನು ಒಂದು ಸಲ ತಿಕ್ಕಿಕೊಳ್ಳುತ್ತಿದ್ದರು.

ಅವನು ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದ್ದಾನೆ. ಹುಲಿಗೆಮ್ಮ ಕೂಸಿಗೆ ಹಾಲು ಕುಡಿಸುತ್ತ ಕೂತವಳು, ಸತ್ತದ್ದು ಬಾಣಂತಿ ಎಂದು ಕೇಳಿ ಕೂಸನ್ನು ಕೆಳಗೆ ಹಾಕಿದಳಂತೆ. ನಮ್ಮ ಕಡೆ ಬಾಣಂತಿ ಸತ್ತರೆ ಮಡಿಲಿಗೆ ಅಕ್ಕಿ, ಕಣ ಹಾಕಿ ಉಡಿ ತುಂಬದೆ ಕಳಿಸುವುದಿಲ್ಲ. ಹಾಗೆಯೇ ಕಳಿಸಿದರೆ ಅದರ ಸಂಕಟ ಇನ್ನೊಬ್ಬ ಬಾಣಂತಿಯ ಕೂಸಿಗೆ ತಟ್ಟುತ್ತದೆ ಎಂಬ ಭಯ. ಮರುದಿನ ಫಾರೆಸ್ಟಿನವರು ಕಾಯ್ದೆಯಂತೆ ಎರಡೂ ದೇಹಗಳನ್ನು ಸುಡಲು ಕಟ್ಟಿಗೆ ಒಟ್ಟಿದ್ದಾಗ ಅವಳು ಬಂದಳು. ಒಂದು ಕಂಕುಳಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಮೊರ. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕುಂಕುಮ, ಹಸಿರು ಕುಬುಸದ ಕಣ. ಗಾರ್ಡು ಬೇಡವೆನ್ನಲು ಹೋದ. ಡಾಕ್ಟ್ರು "ಬಿಡೋ, ಹೆಣ್ಮಗಳು" ಎಂದು ಅವನನ್ನು ತಡೆದರು.

ಹುಲಿಗೆಮ್ಮ ಆ ಪ್ರಾಣಿಯ ಹಣೆಗೆ ಕುಂಕುಮವಿಟ್ಟಳು. ಹೊಲಿಗೆ ಹಾಕಿದ ಹೊಟ್ಟೆಯ ಮೇಲೆ ಕಣ ಹಾಸಿ ಅಕ್ಕಿ ಸುರಿದಳು. ಅದರ ಕಾಲು ಹಿಡಿದು ಮೆಲ್ಲಗೆ ಅಂದಳು: "ತಪ್ಪಾತವ್ವಾ. ನಮ್ಮನಿ ಗಂಡಸು ತಿಳೀಲಾರದ ವಿಷ ಇಟ್ಟಾನ. ಹೊಟ್ಟ್ಯಾಗ ಹಾಕ್ಕೋ. ನನ್ನ ಕೂಸಿನ ಮ್ಯಾಲೆ ಸಿಟ್ಟು ಇಟಗೋಬ್ಯಾಡ."

ಅವಳ ಪಕ್ಕದಲ್ಲಿ ನಿಂತಿದ್ದವರು ಡಾಕ್ಟ್ರು. ನಾವೆಲ್ಲ ದೂರದಲ್ಲಿದ್ದೆವು, ಈ ಮಾತು ನಮಗೆ ತಿಳಿದದ್ದು ಆಮೇಲೆ. ಗಾರ್ಡಿಗೆ ಅರ್ಧಮರ್ಧ ಕೇಳಿಸಿತು. ಮಾತು ಪೂರಾ ಕೇಳಿಸದಿದ್ದರೂ ಉಡಿ ತುಂಬಿದ್ದು ಅವನ ಕಣ್ಣಿಗೆ ಬಿದ್ದಿತ್ತಲ್ಲ, ಅಷ್ಟು ಸಾಕಾಯಿತು. ಮಧ್ಯಾಹ್ನದೊಳಗೆ ದುರುಗಪ್ಪನನ್ನು ಜೀಪಿಗೆ ಹತ್ತಿಸಿದರು. ದಂಡ ಕಟ್ಟಿ ಬರುತ್ತಾನೆ ಬಿಡು ಎಂದು ಊರಿನವರು ಹೇಳಿದರು, ನಾನೂ ಹೇಳಿದೆ. ವಕೀಲರ ಬಳಿ ಹೋದ ಮೇಲೆ ಗೊತ್ತಾಯಿತು. ನೀರುನಾಯಿ ಇರುವುದು ಕಾನೂನಿನ ಮೊದಲ ಪಟ್ಟಿಯಲ್ಲಿ, ಹುಲಿ ಇರುವ ಪಟ್ಟಿಯಲ್ಲಿ. ಸಾಬೀತಾದರೆ ಮೂರು ವರ್ಷಕ್ಕೆ ಕಡಿಮೆ ಇಲ್ಲ. ಜಡ್ಜ್ ಸಾಹೇಬರಿಗೆ ಕನಿಕರ ಬಂದರೂ ಅದಕ್ಕಿಂತ ಕೆಳಗೆ ಇಳಿಸಲು ಬರುವುದಿಲ್ಲ.

ಸಾಕ್ಷಿಗಳೆಲ್ಲ ತಿರುಗಿ ಬಿದ್ದರು. ಅದರಲ್ಲೇನು ಆಶ್ಚರ್ಯ, ಎಲ್ಲರೂ ನಮ್ಮೂರಿನವರೇ. ಲ್ಯಾಬಿನ ವರದಿಯಲ್ಲಿ ವಿಷ ಅಂತಿತ್ತು, ಆದರೆ ಯಾರ ಕೈಯ ವಿಷ? ಹೊಲಕ್ಕೆ ಹೊಡೆಯುವ ಔಷಧಿ ಡಬ್ಬಿ ಇಲ್ಲದ ಮನೆ ನಮ್ಮಲ್ಲಿ ಯಾವುದಿದೆ? ಕೊನೆಗೆ ಎಲ್ಲ ಬಂದು ನಿಂತದ್ದು ಡಾಕ್ಟರ ಬಾಯಿಗೆ. ಆ ಹೆಂಗಸು ಏನಂದಳು ಎಂದು ಕೋರ್ಟು ಕೇಳುವುದಿತ್ತು.

ಅವರ ಸಾಕ್ಷಿಯ ಹಿಂದಿನ ದಿನ ನಾನು ಕ್ವಾರ್ಟರ್ಸಿಗೆ ಹೋದೆ. ಮಿರ್ಚಿ ಮಂಡಾಳು ಕಟ್ಟಿಕೊಂಡೇ ಹೋಗಿದ್ದೆ. ಅವರು ಪೊಟ್ಟಣದ ಕಡೆ ನೋಡಲಿಲ್ಲ.

"ಡಾಕ್ಟ್ರ, ಒಂದ ಮಾತು. ಕೇಳಿಸ್ಲಿಲ್ಲ ಅಂದುಬಿಡ್ರಿ. ನಿಮ್ಮ ಕಿವಿ ಹೋಗಿದ್ದು ಊರಿಗೇ ಗೊತ್ತೈತಿ. ಯಾರೂ ಸುಳ್ಳು ಅನ್ನಂಗಿಲ್ಲ."

"ಕಿವಿ ಹೋಗಿದ್ದು ಎಡಗಡೀದು ಅಕ್ಕೋರ. ಆಕಿ ನಿಂತಿದ್ದು ಬಲಗಡೆ."

"ಯಾವ ಕಡೆ ನಿಂತಿದ್ಲು ಅಂತ ಯಾರು ನೋಡ್ಯಾರ್ರಿ?"

"ನಾ ನೋಡೇನಲ್ಲ."

"ಅದು ನೀರಾಗಿನ ಪ್ರಾಣಿ. ಇವನು ಮನುಷ್ಯಾ. ಆ ಕೂಸಿನ ಗತಿ ಏನು?"

ಅವರು ಹೇಳಿದರು: "ಮಾತು ಬರೋರಿಗೆ ಕೋರ್ಟಿನಾಗ ಒಬ್ಬ ವಕೀಲ ಅದಾನ, ಊರಾಗ ನೀವು ಅದೀರಿ, ಮನ್ಯಾಗ ಹುಲಿಗೆಮ್ಮ ಅದಾಳ. ಆ ಪ್ರಾಣಿ ಸತ್ತಾಗ ಅದರ ಕಡೆ ನಿಂತಾಕಿ ಆಕಿ ಒಬ್ಬಾಕಿ. ಆಕಿ ಅಂದಿದ್ದನ್ನ ಕೇಳಿಸ್ಲಿಲ್ಲ ಅನ್ನಲೇನು?"

"ಆಕಿ ಒಳ್ಳೆತನಾನ ಆಕಿ ಗಂಡನ ಕೊಳ್ಳಿಗಿ ಕಟ್ತೀರಿ. ದೊಡ್ಡ ಧರ್ಮರಾಯ ನೀವು!" ಎಂದು ಕೂಗಾಡಿ, ತಂದ ಪೊಟ್ಟಣವನ್ನು ಅವರ ಕಟ್ಟೆಯ ಮೇಲೆ ಒಗೆದು ಬಂದೆ. ಗೋಡೆಯ ಆಚೆ ಅವರ ಹೆಂಡತಿ ಅಳುವುದು ಕೇಳಿಸುತ್ತಿತ್ತು. ಆಕೆಯೂ ಗಂಡನನ್ನು ಅದನ್ನೇ ಬೇಡಿಕೊಂಡಿದ್ದರೆಂದು ಕಾಣುತ್ತದೆ.

ಕೋರ್ಟಿಗೆ ನಾನೂ ಹೋಗಿದ್ದೆ. ಹುಲಿಗೆಮ್ಮ ಕೂಸನ್ನು ಎತ್ತಿಕೊಂಡು ಬಾಗಿಲ ಹತ್ತಿರ ಕೂತಿದ್ದಳು. ಡಾಕ್ಟ್ರು ಅವಳು ಅಂದ ಮಾತನ್ನು ಒಂದಕ್ಷರ ಹೆಚ್ಚಿಲ್ಲದೆ, ಕಡಿಮೆಯಿಲ್ಲದೆ ಹೇಳಿದರು. ನಮ್ಮ ವಕೀಲರು ಎದ್ದು, ನಿಮಗೆ ಎಡಗಿವಿ ಕೇಳಿಸುವುದಿಲ್ಲ ಅಲ್ಲವೇ ಎಂದರು. ಡಾಕ್ಟ್ರು ಹೌದು ಎಂದರು. ಹಾಗಿದ್ದರೆ ಸರಿಯಾಗಿ ಕೇಳಿಸದೆ ಇರಬಹುದಲ್ಲ ಎಂದರು. ಇಲ್ಲ, ಸರಿಯಾಗಿ ಕೇಳಿಸಿತು ಎಂದರು. ಇಳಿದು ಹೋಗಲು ಹೇಳಿದಾಗ ಅವರು ಇಳಿಯಲಿಲ್ಲ. ಕೈಮುಗಿದು, "ಸ್ವಾಮಿ, ಇನ್ನೊಂದು ಬರಕೋಬೇಕ್ರಿ. ಮರಿ ಹುಡುಕಾಕ ತೆಪ್ಪ ತಂದಾವ ಇವನ. ಊರಾಗ ಬ್ಯಾರೆ ಯಾರೂ ತರಲಿಲ್ಲ. ನನ್ನ ಮುಂದ ಅತ್ತಾನ" ಅಂದರು. ಅದನ್ನೂ ಬರೆದುಕೊಂಡರು. ಅದರಿಂದ ದುರುಗಪ್ಪನಿಗೆ ಒಂದು ದಿನವೂ ಕಡಿಮೆಯಾಗಲಿಲ್ಲ. ಮೂರು ವರ್ಷ ಎಂದಾಯಿತು. ಹೊಸಪೇಟೆಯ ಮೇಲಿನ ಕೋರ್ಟಿಗೂ ಹೋದರು, ಅಲ್ಲಿಯೂ ಅಪೀಲು ನಿಲ್ಲಲಿಲ್ಲ. ದುರುಗಪ್ಪ ಬಳ್ಳಾರಿ ಜೈಲಿಗೆ ಹೋದ.

ಅಂದಿನಿಂದ ಊರು ಡಾಕ್ಟರನ್ನು ದೂರ ಇಟ್ಟಿತು. ಪಶು ಆಸ್ಪತ್ರೆಯ ಅಂಗಳದಲ್ಲಿ ಒಂದು ಕುರಿಯೂ ನಿಲ್ಲಲಿಲ್ಲ. ದನಕ್ಕೆ ಜಡ್ಡಾದರೆ ಜನ ಗಾಡಿ ಮಾಡಿಕೊಂಡು ಹಗರಿಬೊಮ್ಮನಹಳ್ಳಿಗೆ ಹೋಗುತ್ತಿದ್ದರು, ದಾರಿಯಲ್ಲಿ ಸತ್ತರೂ ಸರಿ. ಡಾಕ್ಟ್ರು ಬೆಳಿಗ್ಗೆ ಬಾಗಿಲು ತೆಗೆದು, ಕಟ್ಟೆಯ ಮೇಲೆ ಕೂತು, ಸಂಜೆ ಬಾಗಿಲು ಹಾಕುತ್ತಿದ್ದರು. ಎದುರಿಗೆ ಹೋಗುವ ಎಮ್ಮೆಗಳನ್ನು ನೋಡಿ "ಆ ಕರೀದಕ್ಕ ಕಾಲು ನೋಯಾಕತ್ತೈತಿ, ಹೇಳ್ರಿ ಯಾರಿಗಾರ" ಎಂದು ನನಗೆ ಹೇಳುತ್ತಿದ್ದರು. ಗೋಡೆಯ ಆಚೆಯಿಂದ ಮಾತಾಡಿಸುವವಳು ನಾನೊಬ್ಬಳೇ, ನಾನೂ ಬೈಯಲಿಕ್ಕೇ ಮಾತಾಡಿಸುತ್ತಿದ್ದೆ.

ಊರು ತಮ್ಮನ್ನು ಬಿಟ್ಟಿದ್ದಕ್ಕೆ ಅವರು ಅಷ್ಟು ಕೊರಗಲಿಲ್ಲ. ಕೊರಗಿದ್ದು ಹುಲಿಗೆಮ್ಮ ಮಾತು ಬಿಟ್ಟದ್ದಕ್ಕೆ. ಕೋರ್ಟಿನ ಆ ದಿನದಿಂದ ಅವಳು ಅವರೊಂದಿಗೆ ಒಂದು ಮಾತೂ ಆಡಿರಲಿಲ್ಲ. ಎದುರಿಗೆ ಬಂದರೆ ಸೆರಗು ಎಳೆದುಕೊಂಡು ಪಕ್ಕಕ್ಕೆ ನಿಲ್ಲುವಳು. ಒಂದು ದಿನ ಅವಳ ಆಡು ಈಯಲಾರದೆ ಒದ್ದಾಡುತ್ತಿದೆಯೆಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಕರೆಯದಿದ್ದರೂ ಡಾಕ್ಟ್ರು ಚೀಲ ಹಿಡಿದು ಹೋದರು. ಅಂಗೈಯನ್ನು ಆಡಿನ ಮೂಗಿಗೆ ಹಿಡಿದರು, ಕಾದರು, ಮರಿಗಳನ್ನು ಹೊರಗೆ ತೆಗೆದರು. ಹುಲಿಗೆಮ್ಮ ತಂಬಿಗೆಯಲ್ಲಿ ನೀರು ತಂದು ಅವರ ಕೈಮೇಲೆ ಹಾಕಿದಳು. ತಂಬಿಗೆ ಖಾಲಿಯಾಗುವವರೆಗೂ ಹಾಕಿ ಒಳಗೆ ಹೋದಳು.

"ನೀರು ಕೊಟ್ಲು ಅಕ್ಕೋರ, ಮಾತು ಕೊಡ್ಲಿಲ್ಲ" ಎಂದು ಬಂದು ನನಗೆ ಹೇಳಿದರು.

"ಏನ್ ಮಾತು ಬೇಕ್ರಿ ನಿಮಗ? ಹಾಡಿ ಹೊಗಳಬೇಕಿತ್ತೇನು?"

"ಬೈಲಿ. ಹಾಳಾಗಿ ಹೋಗು ಅನ್ಲಿ. ಆಕಿ ಬಾಯಿಂದ ಒಂದು ಮಾತು ಬರ್ಲಿ. ಆಕಿ ಮಾತು ತಗೊಂಡು ಹೋಗಿ ಕೋರ್ಟಿಗೆ ಕೊಟ್ಟಾವ ನಾನು. ಆಕಿಗಿ ಮಾತೇ ಇಲ್ಲದಂಗ ಆತೇನೋ ಅನಸ್ತೈತಿ."



ನಿವೃತ್ತಿಯ ದಿನ ಹಾರವಿಲ್ಲ, ಭಾಷಣವಿಲ್ಲ. ಟ್ರಂಕು, ಪಾತ್ರೆಗಳನ್ನು ಟೆಂಪೋಗೆ ಹೇರಿಕೊಂಡು ಗಂಡ ಹೆಂಡತಿ ತೆಲಿಗಿಗೆ ಹೋದರು. ಅಲ್ಲಿಂದ ಆಗಾಗ ಫೋನು ಮಾಡುತ್ತಿದ್ದರು. ಮೊದಲು ಎಮ್ಮೆಯ ಕ್ಷೇಮ, ಆಮೇಲೆ ನನ್ನದು. ಕೊನೆಗೆ ಗಂಟಲು ಸರಿಮಾಡಿಕೊಂಡು "ಆಕಿ ಏನಾರ ಅಂದ್ಲೇನ್ರಿ?" ಎಂದು ಕೇಳುವರು. ಸುಳ್ಳು ಹೇಳಿ ಸಮಾಧಾನ ಮಾಡೋಣವೆಂದು ಎಷ್ಟೋ ಸಲ ಅನಿಸಿದ್ದುಂಟು. ಆದರೆ ಆ ಮನುಷ್ಯನಿಗೆ ಸುಳ್ಳು ಹೇಳಲು ನನ್ನಂಥ ಬಾಯಿಬಡಕಿಗೂ ನಾಲಿಗೆ ಹೊರಳುತ್ತಿರಲಿಲ್ಲ. "ಇಲ್ರಿ" ಎನ್ನುತ್ತಿದ್ದೆ. "ಹೂಂ, ಇರ್ಲಿ" ಎಂದು ಫೋನು ಇಡುವರು.

ಹಿನ್ನೀರಿನ ದಂಡೆಯಲ್ಲಿ ಈಗ ಒಂದು ಬೋರ್ಡಿದೆ. ನೀರುನಾಯಿಯ ಚಿತ್ರ, ಕೆಳಗೆ ಶಿಕ್ಷೆಯ ವಿವರ. ಬಂಡೆಯ ಮೇಲೆ ಅವು ಮತ್ತೆ ಕಾಣಿಸಿಕೊಂಡಿವೆ ಎನ್ನುತ್ತಾರೆ. ಈಗ ಯಾರೂ ವಿಷ ಇಡುವುದಿಲ್ಲ, ಬೋರ್ಡಿಗೆ ಹೆದರಿ ಅಲ್ಲ, ದುರುಗಪ್ಪನ ಮನೆ ನೋಡಿ. ಅವನ ತೆಪ್ಪವನ್ನು ಈಗ ಹುಲಿಗೆಮ್ಮ ನಡೆಸುತ್ತಾಳೆ. ಕೂಸು ನಡೆಯುವುದನ್ನು ಕಲಿತು ದಂಡೆಯ ಮೇಲೆ ಅಮ್ಮನಿಗಾಗಿ ಕಾಯುತ್ತ ಕೂರುತ್ತದೆ. ಡಾಕ್ಟ್ರು ಮಾಡಿದ್ದು ಸರಿಯೋ ತಪ್ಪೋ ಎಂದು ನನ್ನನ್ನು ಕೇಳಬೇಡಿ. ಸರಿ ಎಂದರೆ ಆ ಕೂಸು ಕಣ್ಣೆದುರು ಬರುತ್ತದೆ, ತಪ್ಪು ಎಂದರೆ ಡಾಕ್ಟ್ರು ಬರುತ್ತಾರೆ. ಇಬ್ಬರ ಮೇಲೂ ನನಗೆ ಮೋಹ, ಅದಕ್ಕೇ ಇಷ್ಟು ಸಿಟ್ಟು.

ಸಾವಿನ ಸುದ್ದಿ ಬಂದ ಬೆಳಿಗ್ಗೆ ನಾನು ಬಸ್ಸಿಗೆ ನಿಂತಿದ್ದೆ. ಮೀನು ಮಾರಿ ಖಾಲಿ ಬುಟ್ಟಿ ಹಿಡಿದು ಬರುತ್ತಿದ್ದ ಹುಲಿಗೆಮ್ಮ ಎಲ್ಲಿಗೆ ಎಂದು ಕೇಳಿದಳು. ಹೇಳಿದೆ. ಅವಳು ಬುಟ್ಟಿಯನ್ನು ಚಹಾದಂಗಡಿಯಲ್ಲಿಟ್ಟು, ಕೂಸನ್ನು ಎತ್ತಿಕೊಂಡು ನನ್ನ ಹಿಂದೆಯೇ ಬಸ್ಸು ಹತ್ತಿದಳು. ಸತ್ತ ಮನೆಯಲ್ಲಿ ಏನು ರಾದ್ಧಾಂತ ಮಾಡುತ್ತಾಳೋ ಎಂದು ದಾರಿಯುದ್ದಕ್ಕೂ ಹೆದರಿದೆ. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ "ಯಾಕವ್ವಾ ಬಂದಿ?" ಎಂದೆ. "ನೋಡಬೇಕ್ರಿ" ಎಂದಳು, ಅಷ್ಟೇ.

ತೆಲಿಗಿಯ ಮನೆಯ ಪಡಸಾಲೆಯಲ್ಲಿ ಡಾಕ್ಟರನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಅಂಗಿಯ ತೋಳನ್ನು ಯಾರೋ ಮುಂಗೈಯವರೆಗೂ ಇಳಿಸಿ ಗುಂಡಿ ಹಾಕಿದ್ದರು. ಅವರಲ್ಲದ ಬೇರೆ ಯಾರೋ ಕೂತಂತೆ ಕಂಡಿತು. ಭಜನೆಯವರು ತಾಳ ನಿಲ್ಲಿಸಿದ ಹೊತ್ತು. ಹುಲಿಗೆಮ್ಮ ಕೂಸನ್ನು ನನ್ನ ಕೈಗೆ ಕೊಟ್ಟು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಅವರ ಮುಂದೆ ಕೂತಳು. ಕೈಮುಗಿಯಲಿಲ್ಲ. ಅಳಲಿಲ್ಲ. ಪಕ್ಕದ ಮನೆಯವರನ್ನು ಮಾತಾಡಿಸಿದಂತೆ ಮಾತಾಡಿಸಿದಳು.

"ಸಾಹೇಬ್ರ, ನಾನ್ರಿ ಹುಲಿಗೆಮ್ಮ. ನೀವು ಅಂದಿದ್ದು ಖರೇನ ಐತಿ, ನಾ ಹಂಗ ಅಂದಿದ್ದೆ. ಆದ್ರ ನನ್ನ ಗಂಡ ಇನ್ನಾ ಒಳಗದಾನ್ರಿ. ಕೂಸು ಅಪ್ಪ ಎಲ್ಲಿ ಅಂತ ಕೇಳ್ತೈತಿ. ನಾ ಏನಂತ ಹೇಳ್ಲಿ? ನಿಮಗ ಇದನ್ನ ಕೇಳಬೇಕಂತ ಎಷ್ಟು ಸಲ ಬಾಗಿಲತನಕ ಬಂದು ಹೊಳ್ಳಿ ಹೋಗೇನಿ."

ಅಲ್ಲಿದ್ದವರಿಗೆ ಏನೂ ತಿಳಿಯಲಿಲ್ಲ. ಅವಳು ಎದ್ದು, ಕೂಸನ್ನು ನನ್ನಿಂದ ತೆಗೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಮೂಲೆಯಲ್ಲಿ ಕೂತಿದ್ದ ಡಾಕ್ಟರ ಹೆಂಡತಿ ನನ್ನ ಸೆರಗು ಹಿಡಿದು ಜಗ್ಗಿದರು.

"ಆಕೀನಾ ಅಕ್ಕೋರ?"

"ಹೂಂನ್ರಿ."

"ಮಾತಾಡಿಸಿದ್ಲಾ?"

"ಮಾತಾಡಿಸಿದ್ಲು ತಾಯಿ."

ಆಕೆ ಗಂಡನ ಕಡೆ ತಿರುಗಿ, ಬಿಕ್ಕಿ ಬಿಕ್ಕಿ ಅತ್ತರು.